ದಾಸ್ತಾನು ಪಟ್ಟಿಯಲ್ಲಿಲ್ಲದ ನಗೆ: ಭಾರತೀಯ ನೌಕಾಪಡೆಯ ಹಡಗುಬಾಳಿನ ಹಾಸ್ಯ ಪರಂಪರೆ

ಭಾರತೀಯ ನೌಕಾಪಡೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1934ರಲ್ಲಿ ರಾಯಲ್ ಇಂಡಿಯನ್ ಮರೀನ್ ಎಂಬ ಸಂಸ್ಥೆ ರಾಯಲ್ ಇಂಡಿಯನ್ ನೇವಿಯಾಗಿ ಮಾರ್ಪಟ್ಟದ್ದನ್ನೂ, 1950ರ ಜನವರಿ 26ರಂದು ಆ ಹೆಸರಿನಿಂದ ‘ರಾಯಲ್’ ಕಳಚಿಬಿದ್ದದ್ದನ್ನೂ, ಆ ಕಾಲದ ಆಚೀಚೆ ಬ್ರಿಟನ್ನಿನಿಂದ ಕೊಂಡು ತಂದ ಹಡಗುಗಳ ತೂಕ, ವೇಗ ಮತ್ತು ಫಿರಂಗಿಗಳ ಲೆಕ್ಕವನ್ನೂ ದಾಖಲಿಸಿ ಮುಂದೆ ಸಾಗುತ್ತಾರೆ. ಯುದ್ಧನೌಕೆಯೊಂದು ಒಂದು ದೇಶದ ಕೈಯಿಂದ ಇನ್ನೊಂದು ದೇಶದ ಕೈಗೆ ಹೋಗುವಾಗ ಬಾಯ್ಲರಿನಿಂದ ಹಿಡಿದು ಬಟ್ಟಲಿನವರೆಗೆ ಎಲ್ಲವನ್ನೂ ದಾಸ್ತಾನು ಪಟ್ಟಿಯೊಂದಿಗೆ ತಾಳೆ ನೋಡಿ, ಸಹಿ ಹಾಕಿ ಪಡೆಯುವುದು ರೂಢಿ. ಆದರೆ ಅದೇ ಹಡಗುಗಳಲ್ಲಿ ಯಾವ ಪಟ್ಟಿಗೂ ಸೇರದೆ ಬಂದ ಸರಕೊಂದಿತ್ತು: ಪರಂಪರೆಯಾಗಿ ಇಳಿದು ಬಂದ ಅಡ್ಡಹೆಸರುಗಳು, ಊಟದ ಪದಾರ್ಥಗಳಿಗೆ ಇಟ್ಟ ಕುಚೋದ್ಯದ ಹೆಸರುಗಳು, ಹೊಸಬರನ್ನು ಬೇಸ್ತು ಬೀಳಿಸುವ ಉಪಾಯಗಳು, ಮತ್ತು ಮೇಲಧಿಕಾರಿಯ ಎದುರು ಮುಖದ ಒಂದು ಗೆರೆಯೂ ಕದಲದಂತೆ ಒಳಗೊಳಗೇ ನಗುವ ವಿದ್ಯೆ. ಈ ಲೇಖನದ ವಿಷಯ ಆ ಸರಕು.

ನಿವೃತ್ತ ನಾವಿಕರ ನೆನಪುಗಳನ್ನು ಕೇಳಿದವರಿಗೆಲ್ಲ ಒಂದು ವಿಚಿತ್ರ ಅಸಮತೋಲ ಕಣ್ಣಿಗೆ ಬೀಳುತ್ತದೆ. ಯುದ್ಧ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ, ಪದಕದ ಮಾತು ಕೇಳಿದರಷ್ಟೇ ಬರುತ್ತದೆ, ಆದರೆ ಗ್ಯಾಲಿ ಎಂದು ಕರೆಯಲಾಗುವ ಹಡಗಿನ ಅಡುಗೆಮನೆಯಿಂದ ಬಂದ ಒಂದು ಕೆಟ್ಟ ಸಾರಿನ ಕಥೆ ಅರ್ಧ ಗಂಟೆ ನಡೆಯುತ್ತದೆ. ಇದನ್ನು ಮುಪ್ಪಿನ ಹರಟೆಯೆಂದು ತಳ್ಳಿಹಾಕುವುದು ಸುಲಭವಾದರೂ ಸರಿಯಲ್ಲ. ಹಡಗಿನ ಅಧಿಕೃತ ನಿಯಮಾವಳಿ ಮನುಷ್ಯರನ್ನು ದರ್ಜೆಯ ಪ್ರಕಾರ ಬೇರ್ಪಡಿಸಿ ನಿಲ್ಲಿಸುತ್ತಿದ್ದರೆ, ಅದರ ಪಕ್ಕದಲ್ಲೇ ಬೆಳೆದ ಈ ನಗೆ ಅವರನ್ನು ಅದೇ ಇಕ್ಕಟ್ಟಿನೊಳಗೆ ಜಗಳವಿಲ್ಲದೆ ಬಾಳಿಸುವ ಅನಧಿಕೃತ ನಿಯಮಾವಳಿಯಾಗಿತ್ತು ಎಂಬುದನ್ನು, ಡೆಲ್ಲಿ, ಮೈಸೂರು ಮತ್ತು ವಿಕ್ರಾಂತ್ ಎಂಬ ಮೂರು ಹಡಗುಗಳ ಕಾಲವನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಇಲ್ಲಿ ತೋರಿಸಲು ಯತ್ನಿಸಲಾಗಿದೆ.

ಮೊದಲು ಸ್ಥಳದ ವಿಚಾರ. ಸಾಮಾನ್ಯ ನಾವಿಕರು ಉಣ್ಣುವ, ಮಲಗುವ, ಬಟ್ಟೆ ಒಗೆದು ಒಣಹಾಕುವ, ಕಾಗದ ಬರೆಯುವ, ಇಸ್ಪೀಟಾಡುವ ಒಂದೇ ತಗ್ಗು ಮಾಳಿಗೆಯ ಕೋಣೆಗೆ ಮೆಸ್‌ಡೆಕ್ ಎಂದು ಹೆಸರು. ಅಧಿಕಾರಿಗಳ ಊಟದ ಮನೆಗೆ ವಾರ್ಡ್‌ರೂಮ್ ಎಂದು ಹೆಸರು. ಇವೆರಡರ ನಡುವೆ ಇರುವುದು ಕೆಲವೇ ಮೆಟ್ಟಿಲುಗಳಾದರೂ ಪದ್ಧತಿಯ ಪ್ರಕಾರ ಅವು ಎರಡು ಬೇರೆ ಊರುಗಳು. ಬ್ರಿಟಿಷ್ ಮೂಲದ ಹಳೆಯ ಹಡಗುಗಳ ಮೆಸ್‌ಡೆಕ್ಕಿನಲ್ಲಿ ಮಂಚಗಳಿರುತ್ತಿರಲಿಲ್ಲ, ಹ್ಯಾಮಕ್ ಎಂಬ ಕ್ಯಾನ್ವಾಸಿನ ತೂಗುಹಾಸಿಗೆಗಳನ್ನು ಕೊಕ್ಕೆಗಳಿಗೆ ಸಿಕ್ಕಿಸಿ ಒಂದರ ಮಗ್ಗುಲಿಗೆ ಒಂದು ಕಟ್ಟಲಾಗುತ್ತಿತ್ತು, ಮತ್ತು ಹಡಗು ಹೊರಳಿದಾಗ ಇಡೀ ಸಾಲು ಒಟ್ಟಿಗೆ ಹೊರಳುತ್ತಿತ್ತು. ಪಕ್ಕದವನ ಗೊರಕೆ, ಕಾಲಿನ ವಾಸನೆ, ಮನೆಯಿಂದ ಬಂದ ಕಾಗದ ಓದಿ ಅವನು ಬಿಡುವ ನಿಟ್ಟುಸಿರು ಯಾವುದೂ ಗುಟ್ಟಾಗಿ ಉಳಿಯದ ಈ ಬದುಕಿನಲ್ಲಿ, ಸಿಟ್ಟು ಮಾಡಿಕೊಂಡು ಎದ್ದು ಹೋಗಲು ಬೇರೆ ಜಾಗವೇ ಇಲ್ಲದ ಕಾರಣ, ಸಿಟ್ಟನ್ನು ಲೇವಡಿಯಾಗಿ ತಿರುಗಿಸುವುದು ಅನಿವಾರ್ಯವಾಗುತ್ತಿತ್ತು. ಒಟ್ಟು ಕುಟುಂಬದ ಹಿರಿಯ ಮನೆಗಳನ್ನು ಕಂಡ ಕನ್ನಡಿಗರಿಗೆ ಈ ತರ್ಕ ಹೊಸದಾಗಿ ಕಾಣಬೇಕಾಗಿಲ್ಲ.

ಕಾಲದ ವ್ಯವಸ್ಥೆಯೂ ಅಷ್ಟೇ ವಿಚಿತ್ರವಾದದ್ದು. ಹಡಗಿನ ದಿನವನ್ನು ನಾಲ್ಕು ಗಂಟೆಗಳ ಪಾಳಿಗಳಾಗಿ ವಿಂಗಡಿಸಿ, ಪ್ರತಿ ಅರ್ಧ ಗಂಟೆಗೆ ಒಂದು ಬಡಿತ ಹೆಚ್ಚಿಸುತ್ತ ಎಂಟು ಬಡಿತಕ್ಕೆ ಪಾಳಿ ಮುಗಿಸುವುದು ಕ್ರಮ. ಆದರೆ ದಿನಕ್ಕೆ ಆರೇ ಪಾಳಿಗಳಾದರೆ ಒಬ್ಬನ ಪಾಲಿಗೆ ಪ್ರತಿ ರಾತ್ರಿಯೂ ನಡುರಾತ್ರಿಯ ಪಾಳಿಯೇ ಬಂದುಬಿಡುತ್ತದೆಂದು ಸಂಜೆ ನಾಲ್ಕರಿಂದ ಎಂಟರವರೆಗಿನ ಅವಧಿಯನ್ನು ಎರಡೆರಡು ಗಂಟೆಗಳ ಎರಡು ‘ನಾಯಿ ಪಾಳಿ’ಗಳಾಗಿ ಸೀಳಿ ಒಟ್ಟು ಏಳು ಮಾಡಲಾಗಿದೆ. ಹೆಸರಿನ ಮೂಲ ಏನೇ ಇರಲಿ, ದಿನದ ಹೊಲಸು ಕೆಲಸ ಮುಗಿದು ರಾತ್ರಿಯ ಕಾವಲು ಶುರುವಾಗುವ ಮುನ್ನ ಸಿಗುವ ಆ ತುಂಡು ಹೊತ್ತೇ ಹಾಡಿಗೂ, ಅಣಕಕ್ಕೂ, ಗಾಳಿಸುದ್ದಿಗೂ ಮೀಸಲಾದ ಸಮಯವಾಯಿತು. ಇದಲ್ಲದೆ ‘ಮೇಕ್ ಅಂಡ್ ಮೆಂಡ್’ ಎಂಬ ಅರ್ಧ ದಿನದ ರಜೆ ಬೇರೆ ಇತ್ತು. ನಾವಿಕರು ತಮ್ಮ ಬಟ್ಟೆಗಳನ್ನು ಹೊಲಿದು ತೇಪೆ ಹಾಕಿಕೊಳ್ಳಲಿ ಎಂದು ಹಾಯಿಹಡಗುಗಳ ಕಾಲದಲ್ಲಿ ಕೊಡುತ್ತಿದ್ದ ಬಿಡುವು ಇದು. ಸೂಜಿ ದಾರ ಮುಟ್ಟದವರೂ ಅದೇ ಹೆಸರಿನಲ್ಲಿ ಅದನ್ನು ಮಲಗಿ ಕಳೆಯುವುದು ಭಾರತೀಯ ನೌಕಾಪಡೆಗೂ ಬಂದ ಪಿತ್ರಾರ್ಜಿತ.

ಹೆಸರಿಡುವುದು ಈ ಹಾಸ್ಯದ ಬೇರು. ಬ್ರಿಟಿಷ್ ನೌಕಾಪಡೆಯಲ್ಲಿ ಕುಲನಾಮವೇ ಅಡ್ಡಹೆಸರನ್ನು ನಿಗದಿ ಮಾಡುತ್ತಿತ್ತು: ಮಿಲ್ಲರ್ ಎಂಬುವನು ಹಿಟ್ಟಿನ ಗಿರಣಿಯವನಾದ್ದರಿಂದ ಧೂಳು ಮೆತ್ತಿದ ‘ಡಸ್ಟಿ’, ಮರ್ಫಿ ಐರ್ಲೆಂಡಿನವನೆಂದು ಆಲೂಗಡ್ಡೆಯ ಅರ್ಥದ ‘ಸ್ಪಡ್’, ವೈಟ್ ಎಂಬುವನು ಸೀಮೆಸುಣ್ಣದ ಬಿಳುಪಿನ ‘ಚಾಕಿ’, ಕ್ಲಾರ್ಕ್ ಯಾವಾಗಲೂ ‘ನಾಬಿ’. ಹಡಗಿಗೆ ಕಾಲಿಟ್ಟ ಮೊದಲ ದಿನವೇ, ಅವನ ಮುಖ ಯಾರೂ ಸರಿಯಾಗಿ ನೋಡುವ ಮುನ್ನವೇ, ಈ ಹೆಸರು ಅವನಿಗೆ ಕಾದಿರುತ್ತಿದ್ದುದರಿಂದ ಅಪರಿಚಿತ ಎಂಬ ಸ್ಥಿತಿ ಕೆಲವು ನಿಮಿಷಗಳಿಗಿಂತ ಹೆಚ್ಚು ಉಳಿಯುತ್ತಿರಲಿಲ್ಲ. ಅಡ್ಡಹೆಸರಿಗೆ ದರ್ಜೆಯ ಹಂಗೂ ಇರಲಿಲ್ಲ. ಗ್ರೋಗ್ರಾಮ್ ಎಂಬ ಒರಟು ಬಟ್ಟೆಯ ನಿಲುವಂಗಿ ತೊಡುತ್ತಿದ್ದ ಅಡ್ಮಿರಲ್ ಎಡ್ವರ್ಡ್ ವರ್ನನ್‌ರನ್ನು ನಾವಿಕರು ‘ಓಲ್ಡ್ ಗ್ರಾಗ್’ ಎನ್ನುತ್ತಿದ್ದರು. 1740ರಲ್ಲಿ ಅವರು ನಾವಿಕರ ರಮ್ಮಿಗೆ ನೀರು ಬೆರೆಸಿ ಕೊಡಬೇಕೆಂದು ಆಜ್ಞೆ ಹೊರಡಿಸಿದಾಗ ಆ ನೀರು ಬೆರೆತ ಪೇಯಕ್ಕೂ ‘ಗ್ರಾಗ್’ ಎಂದೇ ಹೆಸರಾಗಿ, ಒಬ್ಬ ಸೇನಾನಿಯ ಕೀರ್ತಿ ಅವರ ಕದನಗಳಿಗಿಂತ ಅವರು ಹಾಳು ಮಾಡಿದ ಮದ್ಯದಲ್ಲಿ ಹೆಚ್ಚು ಕಾಲ ಉಳಿಯಿತು.

ಈ ಪದ್ಧತಿ ಭಾರತಕ್ಕೆ ಬಂದಾಗ ಕುಲನಾಮದ ಸೂತ್ರ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಇಲ್ಲಿ ಹಲವರಿಗೆ ಕುಲನಾಮವೇ ಇರಲಿಲ್ಲ, ಇದ್ದವರಿಗೆ ಅದು ಊರಿನದೋ, ಜಾತಿಯದೋ, ತಂದೆಯದೋ ಆಗಿತ್ತು. ಅಧಿಕಾರಿಗಳ ನಡುವೆ ಇಂಗ್ಲಿಷ್ ಕರೆಹೆಸರುಗಳ ಗೀಳು ಉಳಿದುಕೊಂಡಿತು. 1970ರ ದಶಕದ ಆರಂಭದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಸರ್ದಾರಿಲಾಲ್ ಮಥ್ರಾದಾಸ್ ನಂದಾ ಅವರು ಗೆಳೆಯರ ಬಾಯಲ್ಲಿ ‘ಚಾರ್ಲ್ಸ್’ ಆಗಿದ್ದದ್ದು ಇದಕ್ಕೆ ನಿದರ್ಶನ. ಮೆಸ್‌ಡೆಕ್ಕಿನಲ್ಲಾದರೋ ಅಡ್ಡಹೆಸರು ಪ್ರಾಂತದ ಬೆನ್ನು ಹತ್ತಿತು. ವಿಂಧ್ಯದಿಂದ ಕೆಳಗಿನವರೆಲ್ಲರನ್ನೂ ‘ಮದ್ರಾಸಿ’ ಎಂದು ಒಂದೇ ಚೀಲಕ್ಕೆ ತುಂಬುವ ಉತ್ತರದವರ ಭೂಗೋಳಜ್ಞಾನಕ್ಕೆ ಧಾರವಾಡದವನೂ ಮಡಿಕೇರಿಯವನೂ ಒಟ್ಟಾಗಿ ಬಲಿಯಾಗಿ, ಊರಲ್ಲಿ ಭೇಟಿಯಾಗಿದ್ದರೆ ಪರಸ್ಪರರ ಕನ್ನಡವನ್ನೇ ಗೇಲಿ ಮಾಡಬಹುದಾಗಿದ್ದವರು ಅಲ್ಲಿ ಸೇರಿಕೊಂಡು ಮೂರನೆಯವನ ಹಿಂದಿಯನ್ನು ಗೇಲಿ ಮಾಡತೊಡಗಿದರು.

ಮನುಷ್ಯರಂತೆ ಹಡಗುಗಳಿಗೂ ಈ ನಾಮಕರಣದಿಂದ ಬಿಡುಗಡೆ ಇರಲಿಲ್ಲ. ಗ್ರೀಕ್ ಪುರಾಣದ ಘನವಾದ ಹೆಸರು ಹೊತ್ತ ‘ಬೆಲೆರೊಫಾನ್’ ನಾವಿಕರ ನಾಲಿಗೆಯಲ್ಲಿ ‘ಬಿಲ್ಲಿ ರಫಿಯನ್’, ಅಂದರೆ ಪುಂಡ ಬಿಲ್ಲಿ, ಆಯಿತು. ಎರಡು ಮಹಾಯುದ್ಧಗಳ ನಡುವಿನ ದೊಡ್ಡ ಯುದ್ಧನೌಕೆಗಳಾದ ನೆಲ್ಸನ್ ಮತ್ತು ರಾಡ್ನಿಗಳು ನೋಟಕ್ಕೆ ತೈಲ ಸಾಗಿಸುವ ಹಡಗುಗಳಂತಿದ್ದವು, ಅಂಥ ತೈಲ ಹಡಗುಗಳ ಹೆಸರುಗಳು ‘ಆಲ್’ ಎಂದು ಕೊನೆಗೊಳ್ಳುತ್ತಿದ್ದವು, ಆದ್ದರಿಂದ ಅವು ‘ನೆಲ್ಸಾಲ್’ ಮತ್ತು ‘ರಾಡ್ನಾಲ್’ ಆದವು. ರಿಪಲ್ಸ್ ಮತ್ತು ರಿನೌನ್ ಎಂಬ ಜೋಡಿ ಸದಾ ರಿಪೇರಿಯಲ್ಲಿರುತ್ತಿದ್ದುದರಿಂದ ‘ರಿಪೇರ್’ ಮತ್ತು ‘ರಿಫಿಟ್’ ಎನಿಸಿದವು. ತನ್ನ ಹಡಗನ್ನು ಹೀಗೆ ಹಳಿಯುವ ಹಕ್ಕು ಅದರಲ್ಲಿ ದುಡಿಯುವವನಿಗೆ ಮಾತ್ರ ಇತ್ತು ಎಂಬುದನ್ನು ಮರೆಯಬಾರದು. ಬೇರೆ ಹಡಗಿನವನು ಬಂದರಿನ ಹೋಟೆಲಿನಲ್ಲಿ ಅದೇ ಮಾತು ಆಡಿದರೆ ಕುರ್ಚಿಗಳು ಹಾರುತ್ತಿದ್ದವು.

ಮಾತಿನ ವಿಚಾರ ಬಂದಾಗ ಇತಿಹಾಸವೇ ಮಾಡಿದ ಒಂದು ತಮಾಷೆಯನ್ನು ಗುರುತಿಸಬೇಕಾಗುತ್ತದೆ. ಭಾರತೀಯ ತರುಣರು ತರಬೇತಿ ಶಾಲೆಯಲ್ಲಿ ಕಷ್ಟಪಟ್ಟು ಉರುಹೊಡೆದ ‘ಇಂಗ್ಲಿಷ್’ ಪದಗಳಲ್ಲಿ ಕೆಲವು ಈ ನೆಲದಿಂದಲೇ ಹೋಗಿ ಟೋಪಿ ಹಾಕಿಕೊಂಡು ಮರಳಿದವು: ಚಿಕ್ಕ ದೋಣಿಯಾದ ಡಿಂಗಿ ಇಲ್ಲಿನ ಡಿಂಗಿಯೇ; ಕೆಲಸದ ಉಡುಪಾದ ಡಂಗರೀ ಮುಂಬಯಿಯ ಡೋಂಗ್ರಿಯ ಒರಟು ಬಟ್ಟೆ; ಕಾಟ್ ಎಂಬುದು ಹಿಂದಿಯ ಖಾಟ್. ಯುರೋಪಿನ ಹಡಗುಗಳಲ್ಲಿ ದುಡಿಯುತ್ತಿದ್ದ ಏಷ್ಯಾದ ನಾವಿಕರನ್ನು ಲಸ್ಕರರೆಂದು ಕರೆಯುತ್ತಿದ್ದರು. ಹಿಂದೂಸ್ತಾನಿ, ಪೋರ್ಚುಗೀಸ್, ಇಂಗ್ಲಿಷ್ ಎಲ್ಲವೂ ಕಲಸಿಹೋಗಿದ್ದ ಅವರ ಕಸುಬಿನ ಭಾಷೆ ಅರ್ಥವಾಗದೆ ಆಜ್ಞೆಗಳು ನೀರುಪಾಲಾಗುತ್ತಿದ್ದುದರಿಂದ ಥಾಮಸ್ ರೋಬಕ್ ಎಂಬ ಸೈನ್ಯಾಧಿಕಾರಿ 1811ರಲ್ಲಿ ಇಂಗ್ಲಿಷ್–ಹಿಂದೂಸ್ತಾನಿ ನೌಕಾ ನಿಘಂಟನ್ನೇ ಪ್ರಕಟಿಸಬೇಕಾಯಿತು. ಆ ಭಾಷೆಯಲ್ಲಿ ಮುಖ್ಯ ನಾವಿಕನಿಗೆ ಸಾರಂಗ್, ಅವನ ಕೈಕೆಳಗಿನವನಿಗೆ ಟಿಂಡಾಲ್ ಎಂಬ ಹೆಸರುಗಳಿದ್ದವು. ಮಲ್ಪೆಯಲ್ಲಿ ಮೀನುಗಾರಿಕೆಯ ದೋಣಿಯ ಯಜಮಾನನನ್ನು ಇಂದಿಗೂ ತಾಂಡೇಲ ಎನ್ನುತ್ತಾರೆ, ಕಾರವಾರದ ಕಡೆ ಅದು ಮನೆತನದ ಹೆಸರೂ ಆಗಿದೆ. ಹೀಗಾಗಿ ಕರಾವಳಿಯ ಹುಡುಗನೊಬ್ಬ ನೌಕಾಪಡೆಗೆ ಸೇರಿ ಸಮುದ್ರದ ಭಾಷೆ ಕಲಿಯುತ್ತಿದ್ದೇನೆಂದು ತಿಳಿದಾಗ ಅದರ ಅರ್ಧವನ್ನು ಅವನ ಅಜ್ಜ ಆಗಲೇ ಬಲ್ಲವನಾಗಿರುತ್ತಿದ್ದ.

ಹಡಗಿನ ಹಾಸ್ಯದ ಹೆಬ್ಬಾಗಿಲು ಊಟ. ಬ್ರಿಟಿಷ್ ನಾವಿಕರ ನಿಘಂಟಿನಲ್ಲಿ ಡಬ್ಬಿಯ ಟೊಮೇಟೊವನ್ನು ಹಂದಿಮಾಂಸದೊಂದಿಗೆ ಬೇಯಿಸಿದ ತಿನಿಸಿಗೆ ‘ರೈಲು ಅಪಘಾತ’ ಎಂದೂ, ಒಣದ್ರಾಕ್ಷಿ ಹಾಕಿದ ಅನ್ನದ ಪಾಯಸಕ್ಕೆ ‘ಚೀನೀ ಮದುವೆ ಕೇಕ್’ ಎಂದೂ ಹೆಸರು. ಇವುಗಳಲ್ಲಿ ಅತ್ಯಂತ ಕರಾಳವಾದದ್ದು ‘ಫ್ಯಾನಿ ಆಡಮ್ಸ್’. 1867ರಲ್ಲಿ ಇಂಗ್ಲೆಂಡಿನ ಆಲ್ಟನ್ ಎಂಬ ಊರಿನಲ್ಲಿ ಆ ಹೆಸರಿನ ಪುಟ್ಟ ಬಾಲಕಿಯೊಬ್ಬಳ ಭೀಕರ ಕೊಲೆ ನಡೆಯಿತು. ಅದೇ ಸುಮಾರಿನಲ್ಲಿ ನೌಕಾಪಡೆಗೆ ಸರಬರಾಜಾಗತೊಡಗಿದ ಡಬ್ಬಿ ಮಾಂಸವನ್ನು ತೆರೆದು ನೋಡಿದ ನಾವಿಕರು ಅದಕ್ಕೆ ಆ ಮಗುವಿನ ಹೆಸರನ್ನಿಟ್ಟರು, ಮತ್ತು ಖಾಲಿ ಡಬ್ಬಿಗಳು ಊಟದ ಪಾತ್ರೆಗಳಾಗಿ ಬಳಕೆಯಾದಾಗ ಪಾತ್ರೆಗೂ ‘ಫ್ಯಾನಿ’ ಎಂಬ ಹೆಸರು ಅಂಟಿಕೊಂಡಿತು. ಇಂಥ ನಗೆಯನ್ನು ಇಂದು ಓದುವವರಿಗೆ ಮೈ ಜುಮ್ಮೆನ್ನುವುದು ಸಹಜ, ಹಾಗೆನ್ನಿಸಬೇಕಾದ್ದೂ ಹೌದು.

ಆದರೆ ಊಟದ ಬಗೆಗಿನ ಲೇವಡಿಯ ಕೆಳಗೆ ಯಾವಾಗಲೂ ಒಂದು ದೂರು ಹುದುಗಿರುತ್ತದೆ. ಸರಕಾರಿ ಸಾಮಾನಿಗೆಲ್ಲ ಬ್ರಿಟಿಷ್ ನಾವಿಕರು ಬಳಸುವ ‘ಪಸ್ಸರ್’ ಎಂಬ ಪದ ಪರ್ಸರ್, ಅಂದರೆ ಹಡಗಿನ ಉಗ್ರಾಣಿ, ಎಂಬುದರ ಅಪಭ್ರಂಶ. ಅಂಗಡಿಯ ಪೌಂಡಿಗೆ ಹದಿನಾರು ಔನ್ಸುಗಳಿದ್ದ ಕಾಲದಲ್ಲಿ ಉಗ್ರಾಣಿಯ ಪೌಂಡಿಗೆ ಹದಿನಾಲ್ಕೇ ಇರುತ್ತಿದ್ದು, ನಾವಿಕರು ಅದನ್ನು ತಲೆಮಾರುಗಳ ಕಾಲ ನಗೆಚಾಟಿಕೆಯಲ್ಲೇ ನುಂಗಿಕೊಂಡರೂ 1797ರಲ್ಲಿ ಸ್ಪಿಟ್‌ಹೆಡ್ ಎಂಬಲ್ಲಿ ಬಂಡೆದ್ದಾಗ ಪೂರ್ತಿ ಪೌಂಡು ಕೊಡಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಸುಮಾರು ನೂರೈವತ್ತು ವರ್ಷಗಳ ಬಳಿಕ, 1946ರ ಫೆಬ್ರವರಿ 18ರಂದು, ಮುಂಬಯಿಯಲ್ಲಿದ್ದ ತಲ್ವಾರ್ ಎಂಬ ಸಂದೇಶ ತರಬೇತಿ ಕೇಂದ್ರದ ಭಾರತೀಯ ನಾವಿಕರು ತಿನ್ನಲಾಗದ ಊಟವನ್ನು ನಿರಾಕರಿಸಿ ಕುಳಿತರು. ಅದರ ಹಿಂದೆ ಅಧಿಕಾರಿಯೊಬ್ಬರ ಹೊಲಸು ಬೈಗುಳ, ವರ್ಣಭೇದ, ಸಂಬಳದ ತಾರತಮ್ಯ ಮತ್ತು ದೇಶದ ಸ್ವಾತಂತ್ರ್ಯದ ಹಂಬಲ ಎಲ್ಲವೂ ಸೇರಿದ್ದವು. ಕೆಲವೇ ದಿನಗಳಲ್ಲಿ 78 ಹಡಗುಗಳಿಗೂ ಸುಮಾರು 20,000 ನಾವಿಕರಿಗೂ ಹಬ್ಬಿದ ಆ ಬಂಡಾಯವನ್ನು ಹಾಸ್ಯದ ಚರಿತ್ರೆಯಲ್ಲಿ ತರುವುದು ಅಪ್ರಸ್ತುತವೆನ್ನಿಸಬಹುದು. ಆದರೆ ಮೆಸ್‌ಡೆಕ್ಕಿನ ಅನಧಿಕೃತ ನಿಯಮಾವಳಿ ಎಲ್ಲಿಯವರೆಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅದೇ ಗಡಿಗಲ್ಲು. ಬೇಳೆಯಲ್ಲಿ ಕಲ್ಲು ಸಿಕ್ಕಾಗ ಅಡುಗೆಯವನನ್ನು ಗೇಲಿ ಮಾಡುವವನು ಇನ್ನೂ ಆ ಮನೆಯವನಾಗಿ ಉಳಿದಿದ್ದಾನೆ. ತಟ್ಟೆಯನ್ನು ಮೌನವಾಗಿ ಆಚೆಗೆ ಸರಿಸಿದವನು ಹೊಸ್ತಿಲು ದಾಟಿರುತ್ತಾನೆ.

ಸ್ವತಂತ್ರ ಭಾರತದ ಹಡಗುಗಳ ಊಟದ ಖ್ಯಾತಿ ಒಮ್ಮೆ ಯುದ್ಧತಂತ್ರವಾಗಿಯೂ ಉಪಯೋಗಕ್ಕೆ ಬಂತು. 1971ರ ಯುದ್ಧದ ಮುನ್ನ ಬಾಯ್ಲರ್ ಬಿರುಕಿನಿಂದ ಪೂರ್ತಿ ವೇಗದಲ್ಲಿ ಓಡಲಾಗದ ವಿಮಾನವಾಹಕ ನೌಕೆ ವಿಕ್ರಾಂತ್ ಅನ್ನು ಅಂಡಮಾನಿನ ಕಡೆಗೆ ಮರೆಮಾಡಿ, ಅದು ಇನ್ನೂ ವಿಶಾಖಪಟ್ಟಣದ ಸಮೀಪದಲ್ಲೇ ಇದೆಯೆಂದು ಶತ್ರುವನ್ನು ನಂಬಿಸುವ ಹೊಣೆ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅವರದಾಗಿತ್ತು. ರಜಪೂತ್ ಎಂಬ ಹಳೆಯ ವಿಧ್ವಂಸಕ ನೌಕೆಯನ್ನು ವಿಕ್ರಾಂತ್‌ನ ಸೋಗಿನಲ್ಲಿ ಸಮುದ್ರಕ್ಕೆ ಕಳುಹಿಸಿ ರೇಡಿಯೋ ಸಂದೇಶಗಳ ಸುರಿಮಳೆಗರೆದದ್ದು ಒಂದು ಉಪಾಯವಾದರೆ, ಗುತ್ತಿಗೆದಾರರಿಗೆ ದೊಡ್ಡ ಹಡಗಿಗೆ ಮಾತ್ರ ಬೇಕಾಗುವಷ್ಟು ಮಾಂಸ ತರಕಾರಿಗಳ ಬೇಡಿಕೆ ಕೊಟ್ಟು, ಪೇಟೆಯ ಬಾಯಿಯ ಮೇಲೆ ಭರವಸೆಯಿಟ್ಟು ಸುಮ್ಮನಿದ್ದದ್ದು ಇನ್ನೊಂದು. ಇದಲ್ಲದೆ ವಿಕ್ರಾಂತ್‌ನ ನಾವಿಕನೊಬ್ಬ ಕಾಯಿಲೆ ಬಿದ್ದ ತನ್ನ ತಾಯಿಯ ಯೋಗಕ್ಷೇಮ ವಿಚಾರಿಸುವಂತೆ, ಗುಟ್ಟಿನ ಲಿಪಿಯಿಲ್ಲದೆ, ಬಹಿರಂಗವಾಗಿ ಒಂದು ಸಂದೇಶವನ್ನೂ ಬಿಡಲಾಯಿತು. ವಿಕ್ರಾಂತ್ ಅನ್ನು ಹುಡುಕಿಕೊಂಡು ಬಂದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ವಿಶಾಖಪಟ್ಟಣದ ಹೊರಗೆ ತನ್ನೆಲ್ಲ ಸಿಬ್ಬಂದಿಯೊಂದಿಗೆ ಮುಳುಗಿತು. ಅದರ ಮುಂದೆ ನಗೆಗೆ ಎಡೆಯಿಲ್ಲ.

ವಿಕ್ರಾಂತ್‌ನ ಸಿಬ್ಬಂದಿಗೆ ತಮ್ಮ ಹಡಗಿನ ವಿಷಯದಲ್ಲಿ ಸುಳ್ಳುಸುದ್ದಿ ಹೊಸದೇನೂ ಆಗಿರಲಿಲ್ಲ. 1965ರ ಯುದ್ಧದಲ್ಲಿ ಅದು ಮುಂಬಯಿಯಲ್ಲಿ ದುರಸ್ತಿಗೆ ನಿಂತಿದ್ದಾಗಲೇ ಪಾಕಿಸ್ತಾನ ಅದನ್ನು ಮುಳುಗಿಸಿದ್ದಾಗಿ ಸಾರಿಕೊಂಡಿತ್ತು. ಡ್ರೈ ಡಾಕ್‌ನಲ್ಲಿ, ಎಂದರೆ ನೀರು ಹೊರಹಾಕಿ ಒಣಗಿಸಿದ ದುರಸ್ತಿ ಕಟ್ಟೆಯಲ್ಲಿ, ನಿಂತ ಹಡಗನ್ನು ಮುಳುಗಿಸುವ ವಿದ್ಯೆ ಯಾವ ನೌಕಾಪಡೆಗೂ ಒಲಿದಿಲ್ಲವಾದ್ದರಿಂದ, ಸತ್ತವರ ಪಟ್ಟಿಯಲ್ಲಿ ತಮ್ಮ ಹೆಸರಿದ್ದೂ ಸಂಬಳ ಪಡೆಯುತ್ತಿರುವವರು ಎಂಬ ಹೆಮ್ಮೆ ಆ ಹಡಗಿನವರಿಗೆ ತಾನಾಗಿ ಒದಗಿಬಂತು.

ಡೆಲ್ಲಿಯ ಕಥೆ ಇನ್ನೂ ರಂಜಕವಾದದ್ದು. 1939ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಕದನದಲ್ಲಿ ಜರ್ಮನಿಯ ಗ್ರಾಫ್ ಸ್ಪೇ ನೌಕೆಯ ವಿರುದ್ಧ ಹೋರಾಡಿದ ನ್ಯೂಜಿಲೆಂಡಿನ ಅಕಿಲಿಸ್ ಎಂಬ ಕ್ರೂಸರ್, ಅಂದರೆ ಭಾರೀ ಯುದ್ಧನೌಕೆಗಿಂತ ಹಗುರವಾದ, ದೂರದ ಯಾನಕ್ಕೆ ತಕ್ಕ ಫಿರಂಗಿ ಹಡಗು, 1948ರಲ್ಲಿ ಭಾರತಕ್ಕೆ ಬಂದು ಡೆಲ್ಲಿಯಾಯಿತು. ಮೈಕಲ್ ಪವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಆ ಕದನದ ಮೇಲೆ ತೆಗೆದು 1956ರಲ್ಲಿ ತೆರೆಕಂಡ ಚಿತ್ರದಲ್ಲಿ ಅಕಿಲಿಸ್‌ನ ಪಾತ್ರಕ್ಕೆ ಬೇರೆ ಹಡಗನ್ನು ಹುಡುಕುವ ಅಗತ್ಯ ಬೀಳಲಿಲ್ಲ; ಭಾರತದ ಧ್ವಜ ಹೊತ್ತ ಡೆಲ್ಲಿಯೇ ತನ್ನ ಪೂರ್ವಜನ್ಮದ ವೇಷ ಹಾಕಿತು. ಗ್ರಾಫ್ ಸ್ಪೇಯ ಪಾತ್ರವನ್ನು ಸೇಲಮ್ ಎಂಬ ಅಮೆರಿಕದ ಕ್ರೂಸರ್ ವಹಿಸಿದ್ದರಿಂದ, ಭಾರತೀಯ ನಾವಿಕರ ಹಡಗು ನ್ಯೂಜಿಲೆಂಡಿನದಾಗಿ, ಅಮೆರಿಕದ ಹಡಗು ಜರ್ಮನಿಯದಾಗಿ, ಎಂದೋ ಮುಗಿದುಹೋದ ಯುದ್ಧವನ್ನು ಮತ್ತೊಮ್ಮೆ ಕಾದವು. 1950ರಲ್ಲಿ ಪ್ರಧಾನಿ ನೆಹರೂ ಅವರನ್ನು ಇಂಡೊನೇಷ್ಯಾಕ್ಕೆ ಕರೆದೊಯ್ದ ಗೌರವವೂ ಇದೇ ಹಡಗಿನದು. 1978ರಲ್ಲಿ ಸೇವೆಯಿಂದ ಇಳಿದ ಮೇಲೆ ಅದರ ಫಿರಂಗಿ ಗೋಪುರವೊಂದು ನ್ಯೂಜಿಲೆಂಡಿಗೆ ಮರಳಿ ಆಕ್ಲೆಂಡಿನ ನೌಕಾನೆಲೆಯ ಬಾಗಿಲಲ್ಲಿ ನಿಂತಿದೆ.

ಕನ್ನಡಿಗರಿಗೆ ಆಪ್ತವಾದ ಹೆಸರು ಮೈಸೂರು. ಬ್ರಿಟನ್ನಿನ ನೈಜೀರಿಯಾ ಎಂಬ ಕ್ರೂಸರನ್ನು ಭಾರತ 1954ರಲ್ಲಿ ಕೊಂಡಾಗ ಮೈಸೂರು ಎಂಬ ರಾಜ್ಯಕ್ಕೆ ಒಂದು ಮೊಳ ಕಡಲತೀರವೂ ಇರಲಿಲ್ಲ, ದಕ್ಷಿಣ ಕನ್ನಡ ಮದ್ರಾಸಿನಲ್ಲೂ ಉತ್ತರ ಕನ್ನಡ ಮುಂಬಯಿಯಲ್ಲೂ ಇದ್ದವು. ದುರಸ್ತಿ ಮುಗಿಸಿಕೊಂಡು 1957ರ ಆಗಸ್ಟ್ 29ರಂದು ಬರ್ಕನ್‌ಹೆಡ್‌ನಲ್ಲಿ ಹಡಗು ‘ಮೈಸೂರು’ ಎಂಬ ಹೆಸರಿನಿಂದ ಸೇವೆಗೆ ಸೇರುವ ಹೊತ್ತಿಗೆ ರಾಜ್ಯ ಪುನರ್ವಿಂಗಡಣೆ ಮುಗಿದು ಮೈಸೂರಿಗೆ ಕಾರವಾರದಿಂದ ಉಳ್ಳಾಲದ ಆಚೆಯವರೆಗೆ ಸುಮಾರು 300 ಕಿಲೋಮೀಟರ್ ಸಮುದ್ರ ದಕ್ಕಿತ್ತು, ಹೀಗಾಗಿ ಹೆಸರಿನ ಮಾನ ಹತ್ತು ತಿಂಗಳ ಅಂತರದಲ್ಲಿ ಉಳಿಯಿತು. ಹಡಗಿನ ಲಾಂಛನದಲ್ಲಿ ಅಲೆಗಳ ಮೇಲೆ ಗಂಡಭೇರುಂಡವನ್ನು ಕೂರಿಸಿ, ಎಂದೂ ಅಂಜದವನು ಎಂಬರ್ಥದ ತೈತ್ತಿರೀಯ ಉಪನಿಷತ್ತಿನ ನುಡಿಯನ್ನು ಧ್ಯೇಯವಾಕ್ಯವಾಗಿಸಿದರು. ಎರಡು ತಲೆಯ ಹಕ್ಕಿ ಎಡಕ್ಕೂ ಬಲಕ್ಕೂ ಏಕಕಾಲಕ್ಕೆ ನೋಡಬಲ್ಲುದಾದರೂ ಹಡಗಿಗೆ ಆ ವರ ಪೂರ್ತಿ ದಕ್ಕಲಿಲ್ಲ. 1959ರಲ್ಲಿ ಸಿಂಹಳದ ಸಮೀಪ ನಡೆದ ಜಂಟಿ ಕವಾಯತಿನಲ್ಲಿ ಅದು ಬ್ರಿಟಿಷ್ ನೌಕೆ ಹೋಗ್‌ಗೆ ಡಿಕ್ಕಿಯಾಗಿ ಆ ನೌಕೆಗೆ ದೊಡ್ಡ ಹಾನಿಯಾಯಿತು. 1971ರಲ್ಲಿ ಪಶ್ಚಿಮ ನೌಕಾಪಡೆಯ ಧ್ವಜನೌಕೆಯಾಗಿ ದುಡಿದ ಮೈಸೂರು 1985ರಲ್ಲಿ ನಿವೃತ್ತವಾಗಿ, 1999ರಲ್ಲಿ ಅದೇ ಹೆಸರಿನ ಹೊಸ ವಿಧ್ವಂಸಕ ನೌಕೆ ಹುಟ್ಟಿತು.

ಹೊಸಬರನ್ನು ಬೇಸ್ತು ಬೀಳಿಸುವ ವಿದ್ಯೆಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಕಮ್ಮಾರಸಾಲೆಯಿಂದ ಹಿಡಿದು ಸರಕಾರಿ ಕಚೇರಿಯವರೆಗೆ ಎಲ್ಲೆಡೆಯೂ ಅದರ ತಮ್ಮಂದಿರಿದ್ದಾರೆ. ಹಡಗಿನ ಬಲಬದಿಯ ದೀಪ ಹಸಿರು, ಎಡಬದಿಯದು ಕೆಂಪು. ಹಸಿರು ದೀಪಕ್ಕೆ ಹಸಿರು ಎಣ್ಣೆಯನ್ನು ಉಗ್ರಾಣದಿಂದ ತರಲು ಹುಡುಗನೊಬ್ಬನನ್ನು ಅಟ್ಟುವುದು, ಅಥವಾ ಪಟ್ಟೆ ಪಟ್ಟೆಯ ಬಣ್ಣದ ಡಬ್ಬಿ ಕೇಳಲು ಕಳುಹಿಸುವುದು ಇದರ ಶಾಸ್ತ್ರೀಯ ರೂಪ. ಉಗ್ರಾಣದವನು ನಗದೆ, ಗಂಭೀರವಾಗಿ, ಅದು ಎಂಜಿನ್ ಕೋಣೆಯಲ್ಲಿದೆಯೆಂದು ಮುಂದಕ್ಕೆ ದಾಟಿಸುತ್ತಿದ್ದ. ಹುಡುಗ ಅಲೆದಲೆದು ಸೋತು ಮರಳುವ ಹೊತ್ತಿಗೆ ಹಡಗಿನ ಪ್ರತಿಯೊಂದು ಕೋಣೆಯ ದಾರಿಯೂ ಅವನಿಗೆ ತಿಳಿದುಹೋಗಿರುತ್ತಿತ್ತು ಎಂಬುದು ಹಿರಿಯರು ಕೊಡುವ ಸಮರ್ಥನೆ.

ಹಾಸ್ಯ ಮೆಸ್‌ಡೆಕ್ಕಿನಿಂದ ಮೇಲೇರಿ ಅಧಿಕೃತ ಕಾಗದಪತ್ರಕ್ಕೆ ನುಸುಳಿದ ಕಡೆ ಅದರ ಮಾದರಿ ಬೇರೆಯಾಯಿತು. ಹಡಗಿನಿಂದ ಹಡಗಿಗೆ ದೀಪ ಮಿಣುಕಿಸಿ ಅಥವಾ ಬಾವುಟ ಏರಿಸಿ ಕಳುಹಿಸುವ ಸಂದೇಶ ಚುಟುಕಾಗಿರಲೇಬೇಕಾದ್ದರಿಂದ ಅದು ಒಂದು ಬಗೆಯ ಸಾಹಿತ್ಯ ಪ್ರಕಾರವೇ ಆಗಿ, ಬ್ರಿಟಿಷ್ ಅಧಿಕಾರಿ ಜಾಕ್ ಬ್ರೂಮ್ ಅಂಥವುಗಳ ಸಂಕಲನವೊಂದನ್ನು ಹೊರತಂದರು. ಅವರ ಪಾಲಿಗೇ ಬಂದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. 1942ರಲ್ಲಿ ಪಿಕ್ಯೂ 17 ಎಂಬ ನತದೃಷ್ಟ ಹಡಗು ತಂಡ ಉತ್ತರ ಧ್ರುವ ಸಾಗರದಲ್ಲಿ ಸಾಗುತ್ತಿದ್ದಾಗ, ಶತ್ರುವಿನ ಭಾರೀ ನೌಕೆಗಳು ಬಂದರೆ ತಾನು ನೀರಿನ ಮೇಲೆಯೇ ಇರಲು ಇಚ್ಛಿಸುವೆನೆಂದು ಬೆಂಗಾವಲಿನ ಜಲಾಂತರ್ಗಾಮಿಯೊಂದು ತಿಳಿಸಿತು. ಸಾಮಾನ್ಯ ನೌಕೆಯಲ್ಲಿದ್ದ ಬ್ರೂಮ್ ತನ್ನ ಇಚ್ಛೆಯೂ ಅದೇ ಎಂದು ಉತ್ತರಿಸಿದರು. ಸಾವು ಕಣ್ಣಳತೆಯಲ್ಲಿದ್ದಾಗಲೂ ವ್ಯಾಕರಣ ತಪ್ಪದ ಈ ಶೈಲಿಯನ್ನು ಭಾರತೀಯ ಅಧಿಕಾರಿವರ್ಗ ಬಹಳ ಶ್ರದ್ಧೆಯಿಂದ ಮೈಗೂಡಿಸಿಕೊಂಡಿತು, ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚಾಗಿಯೂ.

ಕೆಳದರ್ಜೆಯವರ ಪಾಲಿಗೆ ಇದಕ್ಕೆ ಸಮನಾದ ವೇದಿಕೆ ‘ರಿಕ್ವೆಸ್ಟ್‌ಮೆನ್’, ಎಂದರೆ ಅರಿಕೆದಾರರ ಸಾಲು. ರಜೆ ಬೇಕಾದವನು, ಬಡ್ತಿ ಬೇಡುವವನು, ಗಡ್ಡ ಬಿಡಲು ಕಮಾಂಡಿಂಗ್ ಅಧಿಕಾರಿಯ ಅನುಮತಿ ಬೇಕಾದವನು ಅಲ್ಲಿ ಟೋಪಿ ಸರಿಪಡಿಸಿಕೊಂಡು ನಿಲ್ಲಬೇಕು. ತಪ್ಪಿತಸ್ಥರ ಸಾಲು ಅದರ ಬೆನ್ನಿಗೇ ಇರುತ್ತಿತ್ತು. ರಜೆ ಮುಗಿದರೂ ಮರಳದವನನ್ನು ‘ಅಡ್ರಿಫ್ಟ್’, ಅಂದರೆ ಲಂಗರು ಕಳಚಿ ತೇಲಿಹೋದವನು, ಎನ್ನುತ್ತಿದ್ದರು. ಆತ ಕೊಡುವ ವಿವರಣೆಯಲ್ಲಿ ಹಳಿ ತಪ್ಪಿದ ರೈಲುಗಳೂ ಎರಡನೆಯ ಸಲ ತೀರಿಕೊಂಡ ಅಜ್ಜಿಯರೂ ಧಾರಾಳವಾಗಿ ಬರುತ್ತಿದ್ದರು, ಮತ್ತು ಶಿಕ್ಷೆ ತಪ್ಪದಿದ್ದರೂ ಒಳ್ಳೆಯ ಸುಳ್ಳಿಗೆ ಮೆಸ್‌ಡೆಕ್ಕಿನಲ್ಲಿ ದೊರೆಯುವ ಮನ್ನಣೆ ಬಹುಕಾಲ ಬಾಳುತ್ತಿತ್ತು. ಈ ಗಂಭೀರ ದಫ್ತರ ವ್ಯವಸ್ಥೆಯನ್ನೇ ಅಣಕಿಸಿದ ಅತಿ ದೊಡ್ಡ ನಿದರ್ಶನ ದಕ್ಷಿಣ ಆಫ್ರಿಕದ ಸೈಮನ್ಸ್ ಟೌನ್‌ನದು: ನಾವಿಕರ ಜೊತೆ ಟಿಕೆಟ್ಟಿಲ್ಲದೆ ರೈಲಿನಲ್ಲಿ ಓಡಾಡುತ್ತಿದ್ದ ಗ್ರೇಟ್ ಡೇನ್ ನಾಯಿಯೊಂದನ್ನು ರೈಲ್ವೆಯವರ ಕೋಪದಿಂದ ಪಾರುಮಾಡಲು ಬ್ರಿಟಿಷ್ ನೌಕಾಪಡೆ 1939ರಲ್ಲಿ ‘ಜಸ್ಟ್ ನ್ಯೂಸೆನ್ಸ್’ ಎಂಬ ಹೆಸರಿನಿಂದ ಅದನ್ನು ವಿಧಿವತ್ತಾಗಿ ನಾವಿಕನಾಗಿ ದಾಖಲಿಸಿಕೊಂಡು, ವೃತ್ತಿಯ ಕಾಲಮಿನಲ್ಲಿ ಎಲುಬು ಕಡಿಯುವವನೆಂದು ಬರೆದು, 1944ರಲ್ಲಿ ಅದು ಸತ್ತಾಗ ಸೈನಿಕ ಗೌರವದೊಂದಿಗೆ ಮಣ್ಣು ಮಾಡಿತು.

ಈ ಪರಂಪರೆಯನ್ನು ಹೊಗಳುತ್ತ ಹೋಗುವುದು ಸ್ಮರಣ ಸಂಚಿಕೆಗಳ ಜಾಯಮಾನ. ಆದರೆ ಯಾರ ಖರ್ಚಿನಲ್ಲಿ ನಗಲಾಯಿತು ಎಂಬ ಪ್ರಶ್ನೆಯನ್ನೂ ಕೇಳಬೇಕು. ಹಡಗನ್ನು ಗುಡಿಸಿ ತೊಳೆಯುವವರಿಗೆ ‘ಟೊಪಾಸ್’ ಎಂಬ ಪ್ರತ್ಯೇಕ ದರ್ಜೆಯೇ ಇತ್ತು, ಹಡಗಿನ ಶೌಚಾಲಯಕ್ಕೆ ‘ಹೆಡ್ಸ್’ ಎಂದು ಹೆಸರು ಬಂದದ್ದು ಹಾಯಿಹಡಗುಗಳ ಮುಂದಲೆಯಲ್ಲಿ ಅದಿರುತ್ತಿದ್ದುದರಿಂದ ಎಂಬ ವಿವರಣೆಯನ್ನು ನಗುತ್ತ ಹೇಳುವ ನೆನಪುಗಳಲ್ಲಿ ಅದನ್ನು ತೊಳೆಯುತ್ತಿದ್ದವರ ಮಾತು ಕೇಳಿಸುವುದು ತೀರ ಅಪರೂಪ. ಅವರಿಗೂ ತಮ್ಮದೇ ನಗೆಯಿದ್ದಿರಲೇಬೇಕು, ಬಹುಶಃ ಅದು ಹೆಚ್ಚು ಮೊನಚಾಗಿತ್ತು, ಆದರೆ ಪೆನ್ನು ಹಿಡಿದವರು ವಾರ್ಡ್‌ರೂಮಿನವರಾಗಿದ್ದರಿಂದ ಅದು ಕಾಗದಕ್ಕಿಳಿಯಲಿಲ್ಲ. 1992ರಲ್ಲಿ ಮಹಿಳಾ ಅಧಿಕಾರಿಗಳು ನೌಕಾಪಡೆಗೆ ಸೇರತೊಡಗಿದ ಮೇಲೆ ಹಳೆಯ ಚುಟುಕುಗಳಲ್ಲಿ ಎಷ್ಟೋ ಗಟ್ಟಿಯಾಗಿ ಹೇಳಲು ಬಾರದವು ಎಂಬುದು ಹೇಳುವವರಿಗೇ ಹೊಳೆಯಿತು. ಅವುಗಳಲ್ಲಿ ಹೆಚ್ಚಿನವು ಮರೆಯಾದದ್ದರಿಂದ ಹಾಸ್ಯಕ್ಕೆ ನಷ್ಟವೇನೂ ಆಗಿಲ್ಲ.

ಇಂದು ಕರ್ನಾಟಕದಲ್ಲಿ ನೌಕಾಪಡೆಯ ನೆಲೆಯೆಂದರೆ ಕಾರವಾರ. ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಗಿ 2005ರ ಮೇ 31ರಂದು ಬನವಾಸಿಯ ರಾಜವಂಶದ ಹೆಸರಿನ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿ ಸಂಗ್ರಹಾಲಯವಾಗಿ ಮರಳಿನ ಮೇಲೆ ನಿಂತಿದ್ದು, ಅದರ ಒಳಗಿನ ಮಲಗುವ ಜಾಗವನ್ನು ನೋಡಿ ಹೊರಬರುವ ಪ್ರವಾಸಿಗಳು ಬಾಗಿಲಿಗೆ ತಲೆ ಬಡಿಸಿಕೊಂಡು ನಾವಿಕ ಜೀವನದ ಮೊದಲ ಪಾಠ ಕಲಿಯುತ್ತಾರೆ. ವಿಕ್ರಾಂತ್‌ಗೆ ಅಂಥ ಭಾಗ್ಯ ಪೂರ್ತಿ ಒದಗಲಿಲ್ಲ. 1997ರ ಜನವರಿ 31ರಂದು ಸೇವೆ ಮುಗಿಸಿ, ಮುಂಬಯಿಯಲ್ಲಿ ಕೆಲಕಾಲ ಸಂಗ್ರಹಾಲಯವಾಗಿದ್ದು, 2014ರಲ್ಲಿ ಗುಜರಿಗೆ ಹೋದ ಅದರ ಲೋಹದ ಒಂದಷ್ಟು ಪಾಲು 2016ರಲ್ಲಿ ಮಾರುಕಟ್ಟೆಗೆ ಬಂದ ಬಜಾಜ್ ವಿ15 ಮೋಟಾರು ಸೈಕಲ್ಲಿನಲ್ಲಿ ಸೇರಿತು. ಹೊಸದಾಗಿದ್ದಾಗ ಹೆಚ್ಚೆಂದರೆ 25 ನಾಟ್, ಅಂದರೆ ಗಂಟೆಗೆ ಸುಮಾರು 46 ಕಿಲೋಮೀಟರ್, ವೇಗದಲ್ಲಿ ಓಡಬಲ್ಲಂತೆ ಕಟ್ಟಿದ್ದ, 1971ರಲ್ಲಿ ಅಷ್ಟನ್ನೂ ಓಡಲಾಗದೆ ಯುದ್ಧಕ್ಕಿಳಿದ ಆ ಹಡಗು ತನ್ನ ಜೀವಮಾನದಲ್ಲಿ ಕಾಣದ ವೇಗವನ್ನು ಕಂಡದ್ದು ಹೀಗೆ, ಎರಡು ಚಕ್ರದ ಮೇಲೆ, ಹೆದ್ದಾರಿಯಲ್ಲಿ.